ಹಿಮದ ಜಾಕೆಟ್ ಹಾಳಾಗುವುದು ಬೀರುವಿನಲ್ಲಿ

ದೊಡ್ಡಬಳ್ಳಾಪುರದಲ್ಲಿ ಹಿಮ ಬೀಳುವುದಿಲ್ಲ, ಬೀಳುವ ಲಕ್ಷಣವೂ ಇಲ್ಲ. ಆದರೂ ಹಿಮಕ್ಕೆಂದೇ ಹೊಲಿದ ಜಾಕೆಟ್ಟು, ಪ್ಯಾಂಟು, ಕೈಗವಸು, ಬೂಟುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮನೆಗಳಲ್ಲಿ ಈಗ ಅಪರೂಪವೇನಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಶ್ರೀನಗರವೂ ಡೆಹ್ರಾಡೂನೂ ಹತ್ತಿರವಾದವು. ಗುಲ್ಮಾರ್ಗ್‌ನ ಇಳಿಜಾರಿನಲ್ಲಿ ಸ್ನೋಬೋರ್ಡ್ ಕಲಿಯುವವರು, ಔಲಿಗೆ ಸ್ಕೀ ಮಾಡಲು ಹೋಗುವವರು, ಸಾಂಕ್ರಿ ಎಂಬ ಪುಟ್ಟ ಊರಿನಿಂದ ಹನ್ನೆರಡೂವರೆ ಸಾವಿರ ಅಡಿ ಎತ್ತರದ ಕೇದಾರಕಂಠ ಹತ್ತುವವರು ನಮ್ಮ ನಡುವೆಯೇ ಇದ್ದಾರೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಸ್ಕೀಯಿಂಗ್ ಪದಕ ತಂದ ಮೇಲಂತೂ ಇದು ನಮಗೆ ಸಂಬಂಧಿಸದ ಆಟ ಎನ್ನುವ ಹಾಗೂ ಇಲ್ಲ. ಆದರೆ ಹೀಗೆ ಹೋಗಿಬರುವವರ ಪೈಕಿ ಹೆಚ್ಚಿನವರು ಹಿಮದಲ್ಲಿ ಇರುವುದು ವರ್ಷಕ್ಕೆ ಒಂದು ವಾರ. ಮಿಕ್ಕ ಐವತ್ತೊಂದು ವಾರ ಆ ಸಾಮಾನೆಲ್ಲ ಬೀರುವಿನಲ್ಲೋ ಅಟ್ಟದ ಮೇಲೋ ಇರುತ್ತದೆ. ಅದು ಕೆಡುವುದೂ ಬಹುಮಟ್ಟಿಗೆ ಅಲ್ಲೇ. ಹೀಗಿರುವಾಗ ಜಾಕೆಟ್ಟಿನ ಜೊತೆ ಬರುವ ಆರೈಕೆಯ ಚೀಟಿಯನ್ನು, ತಣ್ಣನೆಯ ಒಣ ದೇಶದ ಮನೆಗೆಂದು ಬರೆದ ಆ ಸೂಚನೆಗಳನ್ನು, ಹಾಗೆಯೇ ಪಾಲಿಸಿದರೆ ಸಾಲದು. ನಮ್ಮ ಮಳೆಗಾಲ, ನಮ್ಮ ಬೋರ್‌ವೆಲ್ ನೀರು, ನಮ್ಮ ಇಸ್ತ್ರಿಪೆಟ್ಟಿಗೆ, ನಮ್ಮ ಟೈಲರ್ ಅಂಗಡಿ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಬೇರೆಯದೇ ಪಾಠ ಬೇಕು.

ಮೊದಲು ಆ ಜಾಕೆಟ್ಟಿನ ಒಳಗೇನಿದೆ ನೋಡಬೇಕು. ಹೊರಮೈ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ. ಅದರ ಒಳಬದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಅಂಟಿಸಿರುತ್ತಾರೆ, ಅಗ್ಗದ ಮಾಲಾದರೆ ಪಾಲಿಯುರೆಥೇನ್ ಲೇಪ ಬಳಿದಿರುತ್ತಾರೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಗಬಕ್ಕನೆ ಎಳೆದು ಹಿಗ್ಗಿಸುವ ವಿಧಾನ ಕಂಡುಕೊಂಡರು. ಅದರಿಂದ ಹುಟ್ಟಿದ ಗೋರ್‌ಟೆಕ್ಸ್ ಪೊರೆಯಲ್ಲಿ ಚದರ ಇಂಚಿಗೆ ಸುಮಾರು 900 ಕೋಟಿ ರಂಧ್ರಗಳಿವೆ ಎಂದು ತಯಾರಕರು ಹೇಳುತ್ತಾರೆ. ನೀರಿನ ಹನಿ ನುಗ್ಗಲಾರದಷ್ಟು ಸಣ್ಣವು, ಬೆವರಿನ ಆವಿ ಹೊರಗೆ ಹೋಗುವಷ್ಟು ದೊಡ್ಡವು. ಈ ಪೊರೆಯ ಬಗ್ಗೆ ಜಾಹೀರಾತುಗಳು ಸಾಕಷ್ಟು ಹೇಳುತ್ತವೆ. ಹೇಳದೇ ಬಿಡುವುದು ಹೊರಮೈಗೆ ಕೊಟ್ಟಿರುವ ಇನ್ನೊಂದು ಉಪಚಾರದ ಬಗ್ಗೆ. ಹೊಸ ಜಾಕೆಟ್ಟಿನ ಮೇಲೆ ನೀರು ಚೆಲ್ಲಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತದಲ್ಲ, ಅದು ಪೊರೆಯ ಕೆಲಸವಲ್ಲ, ಎಳೆಎಳೆಗೂ ಹಿಡಿಸಿದ ನೀರು ತಡೆಯುವ ರಾಸಾಯನಿಕದ ಕೆಲಸ. ಎಣ್ಣೆ, ಬೆವರು, ಧೂಳು, ಸೋಪಿನ ಶೇಷ ಕೂತಾಗ ಅದು ಮಂಕಾಗುತ್ತದೆ. ಆಮೇಲೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಆವಿಗೆ ದಾರಿ ಮುಚ್ಚುತ್ತದೆ, ಒಳಗಿನ ಬೆವರು ಒಳಗೇ ತಣ್ಣಗಾಗಿ ಮೈ ಒದ್ದೆಯಾಗುತ್ತದೆ. ತೊಟ್ಟವರು ‘ಜಾಕೆಟ್ ಸೋರುತ್ತಿದೆ’ ಎಂದುಕೊಂಡು ಹೊಸದನ್ನು ಕೊಳ್ಳುತ್ತಾರೆ. ಪೊರೆಗೆ ಏನೂ ಆಗಿರುವುದಿಲ್ಲ. ಚೆನ್ನಾಗಿ ಒಗೆದು ಹದವಾಗಿ ಬಿಸಿ ಮುಟ್ಟಿಸಿದ್ದರೆ ಬಹಳಷ್ಟು ಸಲ ಸಾಕಿತ್ತು.

ಈ ‘ಚೆನ್ನಾಗಿ ಒಗೆದು’ ಎಂಬ ಮಾತಿನಲ್ಲೇ ನಮ್ಮ ಜಿಲ್ಲೆಯ ಕಷ್ಟ ಅಡಗಿದೆ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಗೆ ಇಳಿಯುವ ಅರ್ಕಾವತಿಯ ಪಾಡು ಎಲ್ಲರಿಗೂ ಗೊತ್ತಿರುವುದೇ. ಊರೂರಿಗೂ ಬೋರ್‌ವೆಲ್ಲೇ ಗತಿ, ಆ ನೀರು ಗಡಸು. ಬಕೆಟ್ಟಿನ ಅಂಚಿಗೂ ಗೀಸರಿನ ಕಾಯಿಲ್‌ಗೂ ಬಿಳಿ ಪದರ ಕಟ್ಟಿಸುವ ಅದೇ ಸುಣ್ಣದಂಶ ಸೋಪಿನ ಜೊತೆ ಸೇರಿ ಜಿಗುಟಾದ ಕೊಳೆಯಾಗಿ ಬಟ್ಟೆಯ ಮೇಲೆ ಕೂರುತ್ತದೆ. ಹತ್ತಿ ಅಂಗಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಸ್ವಲ್ಪ ಬಿರುಸಾದೀತು ಅಷ್ಟೆ. ನೀರನ್ನು ದೂರ ತಳ್ಳುವುದೇ ಕೆಲಸವಾದ ಬಟ್ಟೆಗೆ ಮಾತ್ರ ಈ ಪದರ ನೀರನ್ನು ಕರೆದು ಕೂರಿಸುತ್ತದೆ. ಜಾಕೆಟ್ ಒಗೆಯಲೆಂದೇ ಮಾರುವ ಸೋಪಿನ ದ್ರವವೂ ಗಡಸು ನೀರಿನಲ್ಲಿ ಹೆಚ್ಚು ಪ್ರಮಾಣದಲ್ಲಿ ಬೇಕಾಗುತ್ತದೆ. ಇದಕ್ಕೆ ಸುಲಭದ ಉಪಾಯ ಮಳೆನೀರು. ಛಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಸುಣ್ಣದಂಶ ಇರುವುದಿಲ್ಲವೆನ್ನುವಷ್ಟು ಕಡಿಮೆ. ಒಗೆಯುವುದಕ್ಕೆ ಆಗದಿದ್ದರೂ ಕೊನೆಯ ಎರಡು ಜಾಲಾಟಕ್ಕೆ ಅದನ್ನು ಬಳಸಿದರೆ ಫಲ ಬಟ್ಟೆಯ ಮೇಲೇ ಕಾಣುತ್ತದೆ. ಪೌಡರಿನ ಬದಲು ಸ್ವಲ್ಪವೇ ಸ್ವಲ್ಪ ದ್ರವ ಸೋಪು, ಉಗುರುಬೆಚ್ಚಗಿನ ನೀರು, ಕಾಲರು ಮತ್ತು ತೋಳಿನ ತುದಿಗೆ ಮೆದು ಬ್ರಷ್. ಬಟ್ಟೆ ಘಮಘಮಿಸಲೆಂದು ಹಾಕುವ ಕಂಡೀಷನರ್ ಬೇಡವೇ ಬೇಡ. ಬಂಡೆಗೆ ಬಡಿಯುವುದೂ ಹಿಂಡುವುದೂ ಕೂಡದೆಂದು ಬೇರೆ ಹೇಳಬೇಕಿಲ್ಲ. ಮೇಲಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ ಹಾಕಿ ಸ್ಪಿನ್‌ಗೆ ತಿರುಗಿಸುವುದಂತೂ ಅಪಾಯ. ನೀರು ಬಿಡದ ಬಟ್ಟೆ ಚೀಲದಂತೆ ನೀರು ಹಿಡಿದಿಟ್ಟುಕೊಂಡು ಡ್ರಮ್ಮಿನ ತೂಕ ಏರುಪೇರಾಗಿ ಯಂತ್ರವೇ ಕುಣಿದಾಡಿಬಿಡುತ್ತದೆ.

ಒಗೆದ ಮೇಲೆ ಬಿಸಿ. ಚೌಕದೊಳಗೆ ವೃತ್ತವಿರುವ ಗುರುತು ಚೀಟಿಯಲ್ಲಿದ್ದರೆ ಯಂತ್ರದಲ್ಲಿ ಬಿಸಿಗಾಳಿಗೆ ಒಣಗಿಸಿ ಎಂದರ್ಥ. ಹಿಮದ ನಾಡಿನ ಮನೆಗಳಲ್ಲಿ ಆ ಯಂತ್ರ ಸಾಮಾನ್ಯ, ನೆಲಮಂಗಲದ ಮನೆಗಳಲ್ಲಿ ಅಲ್ಲ. ಬಿಸಿ ತಾಗದಿದ್ದರೆ ಮಲಗಿರುವ ಆ ರಾಸಾಯನಿಕದ ಎಳೆಗಳು ಮತ್ತೆ ಎದ್ದು ನಿಲ್ಲುವುದಿಲ್ಲ. ನೆರಳಿನಲ್ಲಿ ಒಣಗಿಸಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡುವುದು ನಮಗಿರುವ ದಾರಿ. ಇಲ್ಲಿ ಒಂದು ಎಚ್ಚರ: ಚೀಟಿಯ ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕೆಯಿದ್ದರೆ 110 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಎರಡಿದ್ದರೆ 150, ಮೂರಿದ್ದರೆ 200. ಬೀದಿಬದಿಯ ಗಾಡಿಯ ಕೆಂಡದ ಇಸ್ತ್ರಿಪೆಟ್ಟಿಗೆಗೆ ಚುಕ್ಕೆಯ ಲೆಕ್ಕವಿಲ್ಲ. ರೇಷ್ಮೆ ಸೀರೆಯನ್ನೂ ಹತ್ತಿ ಪಂಚೆಯನ್ನೂ ಕೈಯ ಅಂದಾಜಿನಲ್ಲೇ ಹದವಾಗಿ ತೀಡಬಲ್ಲ ಇಸ್ತ್ರಿಯವರಿಗೆ ಈ ಬಟ್ಟೆ ಹೊಸದು. ನೈಲಾನ್ ಕರಗುವುದು ಸುಮಾರು 220 ಡಿಗ್ರಿಯಲ್ಲಾದರೂ ಮೆತ್ತಗಾಗಿ ಅಂಟುವುದು ಅದಕ್ಕೂ ಬಹಳ ಮೊದಲೇ. ಮನೆಯ ಕರೆಂಟ್ ಇಸ್ತ್ರಿಪೆಟ್ಟಿಗೆಯನ್ನು ಕನಿಷ್ಠಕ್ಕೆ ತಿರುಗಿಸಿ, ಹಬೆಯಿಲ್ಲದೆ, ಒಂದೆಡೆ ನಿಲ್ಲಿಸದೆ ಆಡಿಸಿದರೆ ಸಾಕು. ಆಮೇಲೂ ನೀರು ಉರುಳದಿದ್ದರೆ ಮಾತ್ರ ನೀರು ತಡೆಯುವ ಆ ರಾಸಾಯನಿಕದ ದ್ರವವನ್ನು ಹೊಸದಾಗಿ ಸಿಂಪಡಿಸುವ ಮಾತು.

ಆ ದ್ರವದ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ದೊಡ್ಡ ಬದಲಾವಣೆಯಾಗಿದೆ. ಹಳೆಯ ಜಾಕೆಟ್ಟುಗಳಿಗೆ ಹಿಡಿಸುತ್ತಿದ್ದುದು ಫ್ಲೋರಿನ್ ಸೇರಿದ ಪಿಎಫ್‌ಎಎಸ್ ಎಂಬ ಕುಟುಂಬದ ರಾಸಾಯನಿಕ. ಅದು ನೀರನ್ನೂ ತಡೆಯುತ್ತಿತ್ತು, ಎಣ್ಣೆಯನ್ನೂ ತಡೆಯುತ್ತಿತ್ತು; ಮಣ್ಣಿಗೋ ನೀರಿಗೋ ಸೇರಿದ ಮೇಲೆ ಕೊಳೆಯುತ್ತಲೂ ಇರಲಿಲ್ಲ. ಈ ಕುಟುಂಬದ ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿತು. ಅಮೆರಿಕದ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ರಾಜ್ಯಗಳು 2025ರ ಜನವರಿಯಿಂದ ಬಟ್ಟೆಗಳಲ್ಲಿ ಇಡೀ ಕುಟುಂಬಕ್ಕೇ ತಡೆ ಹಾಕಿವೆ. ಒಳ್ಳೆಯದೇ ಆಯಿತು. ಆದರೆ ಬದಲಿಗೆ ಬಂದಿರುವ ಫ್ಲೋರಿನ್ ಇಲ್ಲದ ಉಪಚಾರಗಳು ನೀರನ್ನಷ್ಟೇ ತಡೆಯುತ್ತವೆ, ಎಣ್ಣೆಯನ್ನಲ್ಲ. ಮೈಯೆಣ್ಣೆ, ಸನ್‌ಸ್ಕ್ರೀನ್, ವಾಹನದ ಹೊಗೆ ಇವೆಲ್ಲ ಬೇಗ ಹಿಡಿಯುತ್ತವೆ, ಜಾಕೆಟ್ ಬೇಗ ಮಂಕಾಗುತ್ತದೆ. ‘ವಿಶೇಷ ಬಟ್ಟೆ, ಒಗೆದಷ್ಟೂ ಹಾಳು’ ಎಂಬ ನಂಬಿಕೆ ಮೊದಲೂ ಅರ್ಧ ಸುಳ್ಳಾಗಿತ್ತು, ಈಗ ಪೂರ್ತಿ ಸುಳ್ಳು. ಒಗೆಯದೆ ಇಡುವುದೇ ಈಗಿನ ಜಾಕೆಟ್ಟಿಗೆ ಹಾನಿ. ಹೊಸ ಜಾಕೆಟ್ ಕೊಂಡವರು ಹಳೆಯದಕ್ಕಿಂತ ಹೆಚ್ಚು ಆರೈಕೆಗೆ ಸಿದ್ಧರಿರಬೇಕು ಎಂಬುದನ್ನು ಮಾರುವವರು ಇನ್ನಷ್ಟು ಸ್ಪಷ್ಟವಾಗಿ ಹೇಳಬಹುದಿತ್ತು.

ಇನ್ನು ಬೀರು. ಪಾಲಿಯುರೆಥೇನ್ ಎಂಬ ವಸ್ತುವಿಗೆ ಶತ್ರು ತೇವ ಮತ್ತು ಸೆಕೆ ಎರಡೂ ಸೇರಿದ ಗಾಳಿ. ಗಾಳಿಯಲ್ಲಿನ ನೀರಿನಂಶ ಅದರ ಅಣುಸರಪಳಿಯನ್ನು ಒಂದೊಂದೇ ಕಡೆ ಕತ್ತರಿಸುತ್ತ ಹೋಗುತ್ತದೆ. ಈ ಕೆಲಸ ತಣ್ಣನೆಯ ಒಣ ಹವೆಯಲ್ಲಿ ನಿಧಾನ, ಜೂನ್‌ನಿಂದ ಅಕ್ಟೋಬರ್‌ವರೆಗಿನ ನಮ್ಮ ಮುಗ್ಗಲು ಹವೆಯಲ್ಲಿ ಚುರುಕು. ಬಿಸಿಲಿಗೆ ಕಾದ ತಗಡಿನ ಛಾವಣಿಯ ಕೆಳಗಿನ ಅಟ್ಟದಲ್ಲಿ ಇನ್ನೂ ಚುರುಕು. ಮೊದಲು ಲೇಪ ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ, ಆಮೇಲೆ ಹಾವಿನ ಪೊರೆಯಂತೆ ಸುಲಿದು ಬರುತ್ತದೆ. ಅಲ್ಲಿಗೆ ಮುಗಿಯಿತು. ಒಮ್ಮೆ ಸುಲಿದ ಲೇಪಕ್ಕೆ ಔಷಧವಿಲ್ಲ. ಬೂಟಿನ ಕಥೆ ಇನ್ನೂ ಘೋರ. ಅನೇಕ ಚಾರಣದ ಬೂಟುಗಳ ಅಟ್ಟೆಯ ನಡುಪದರ ಇದೇ ಪಾಲಿಯುರೆಥೇನ್ ನೊರೆಯದು. ಪೆಟ್ಟಿಗೆಯಲ್ಲಿ ಐದಾರು ವರ್ಷ ಕೂತ ಬೂಟು ಹೊರಗಿನಿಂದ ಹೊಸದರಂತೆಯೇ ಹೊಳೆಯುತ್ತಿರುತ್ತದೆ. ಹಾಕಿಕೊಂಡು ಎರಡು ಕಿಲೋಮೀಟರ್ ನಡೆಯುವಷ್ಟರಲ್ಲಿ ನಡುಪದರ ಪುಡಿಪುಡಿಯಾಗಿ ಉದುರಿ ಅಟ್ಟೆ ಕಿತ್ತು ಬರುತ್ತದೆ. ಹಾಗಾಗಿ ಹಳೆಯ ಬೂಟಿನ ನಡುಪದರವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು, ಸಣ್ಣ ಬಿರುಕುಗಳಿವೆಯೇ ಎಂದು ಬೆಳಕಿಗೆ ಹಿಡಿಯುವುದು, ಹೊರಡುವ ತಿಂಗಳ ಮುಂಚೆ ಮಾಕಳಿದುರ್ಗವನ್ನೋ ಸ್ಕಂದಗಿರಿಯನ್ನೋ ಅದರಲ್ಲೇ ಹತ್ತಿಳಿಯುವುದು ಒಳ್ಳೆಯದು. ಅಟ್ಟೆ ಕಿತ್ತರೆ ಅಲ್ಲೇ ಕೀಳಲಿ, ಹಿಮದಲ್ಲಿ ಬೇಡ.

ಇಡುವ ಕ್ರಮ ಬದಲಿಸಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ, ಖರ್ಚೂ ಇಲ್ಲ. ಊರಿಗೆ ಮರಳಿದ ವಾರದಲ್ಲೇ ಒಗೆದು ಒಳಜೇಬು, ತೋಳಿನ ಮಡಿಕೆಗಳವರೆಗೆ ಪೂರ್ತಿ ಒಣಗಿಸಬೇಕು. ಹಕ್ಕಿಯ ಗರಿ ತುಂಬಿದ ಜಾಕೆಟ್ಟಾದರೆ ಬೇಸಿಗೆಯಲ್ಲೇ ಒಗೆಯಬೇಕು, ಶ್ರಾವಣದ ಮೋಡ ನಂಬಿ ಒಗೆದರೆ ಗರಿ ಗಂಟುಗಟ್ಟಿ ಮುಗ್ಗಲು ಹಿಡಿಯುವುದು ಖಂಡಿತ. ಅದನ್ನು ಕೊಂಡಾಗ ಜೊತೆಗೆ ಬಂದ ಪುಟ್ಟ ಚೀಲಕ್ಕೆ ತುರುಕಿಟ್ಟರೆ ಗರಿಯ ಉಬ್ಬು ಸತ್ತುಹೋಗುತ್ತದೆ, ಉಬ್ಬಿದಷ್ಟೂ ತಾನೇ ಬೆಚ್ಚಗೆ. ಹ್ಯಾಂಗರಿಗೆ ಹಾಕಿ ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿ ಗಾಳಿಯಾಡುವ ಕಡೆ ತೂಗುಹಾಕುವುದು ಉತ್ತಮ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ತೇವವನ್ನು ಒಳಗೇ ಕೂಡಿಹಾಕಿದಂತೆ. ಮಳೆಗಾಲದ ನಡುವೆ ಒಂದೆರಡು ಸಲ ಹೊರತೆಗೆದು ನೆರಳಿಗೆ ಹಾಕಬೇಕು. ಮನೆಯ ಹಿರಿಯರು ಸೀರೆಗಳಿಗೆ ಮಾಡುತ್ತ ಬಂದಿರುವುದು ಇದನ್ನೇ. ರೇಷ್ಮೆಗೆ ತೋರಿಸುವ ಆ ಮುತುವರ್ಜಿ ನೈಲಾನಿಗೆ ಯಾಕೆ ಎಂಬ ಉಪೇಕ್ಷೆ ಇರುವುದರಿಂದಲೇ ಹತ್ತು ಸಾವಿರದ ಜಾಕೆಟ್ ನಾಲ್ಕು ಮಳೆಗಾಲಕ್ಕೆ ಸುಲಿಯುತ್ತದೆ.

ಆರೈಕೆ ಮೀರಿದ್ದಕ್ಕೆ ರಿಪೇರಿ. ಈ ವಿಷಯದಲ್ಲಿ ದೊಡ್ಡಬಳ್ಳಾಪುರ ವಿಚಿತ್ರವಾದ ಊರು. ಪವರ್‌ಲೂಮ್‌ಗಳ ಊರು, ಹಾಸು ಹೊಕ್ಕಿನ ಲೆಕ್ಕ ಬಲ್ಲವರ ಊರು. ಪಕ್ಕದಲ್ಲೇ ಅಪೆರಲ್ ಪಾರ್ಕ್, ಅಲ್ಲಿ ಹೊರದೇಶಗಳಿಗೆ ಹೊಲಿಯುವ ಗಾರ್ಮೆಂಟ್ಸ್‌ಗಳು. ಬೆಂಗಳೂರಿನ ಸುತ್ತಲಿನ ಗಾರ್ಮೆಂಟ್ಸ್‌ಗಳಲ್ಲಿ ಯುರೋಪ್, ಅಮೆರಿಕದ ಚಳಿಗೆ ಜಾಕೆಟ್ ಹೊಲಿಯುವವೂ ಇವೆ. ಅಲ್ಲಿ ಒಂದು ಜಾಕೆಟ್ ಹತ್ತಾರು ಕೈ ದಾಟುತ್ತದೆ. ಒಬ್ಬರು ಜಿಪ್ ಕೂರಿಸಿದರೆ ಮತ್ತೊಬ್ಬರು ಕಾಲರ್, ಮಗದೊಬ್ಬರು ಹೊಲಿಗೆಯ ತೂತು ಮುಚ್ಚಲು ಬಿಸಿಗಾಳಿ ಯಂತ್ರದಲ್ಲಿ ಟೇಪ್ ಅಂಟಿಸುವುದು. ಟಾರ್ಗೆಟ್ಟಿನ ಓಟದಲ್ಲಿ ಯಾರಿಗೂ ಇಡೀ ಜಾಕೆಟ್ ಕಾಣುವುದಿಲ್ಲ. ಆದರೆ ಪ್ರತಿ ಲೈನಿನಲ್ಲೂ ಆಲ್ಟರ್ ಎಂಬ ಒಂದು ಕೆಲಸವುಂಟು. ಚೆಕಿಂಗ್‌ನಲ್ಲಿ ತಿರಸ್ಕಾರವಾದ ಪೀಸು ವಾಪಸು ಬರುತ್ತದೆ, ಬಟ್ಟೆಗೆ ಗಾಯವಾಗದಂತೆ ಹೊಲಿಗೆ ಬಿಚ್ಚಿ ಅದೇ ತೂತುಗಳ ಮೇಲೇ ಮತ್ತೆ ಹೊಲಿಯಬೇಕು. ಅದು ಅಪ್ಪಟ ರಿಪೇರಿ ವಿದ್ಯೆ. ಸಾವಿರಾರು ಹೆಣ್ಣುಮಕ್ಕಳ ಕೈಯಲ್ಲಿ ಆ ವಿದ್ಯೆಯಿದೆ, ಕಾರ್ಖಾನೆಯ ಗೇಟಿನ ಹೊರಗೆ ಮಾತ್ರ ಅದಕ್ಕೆ ಬೆಲೆಯಿಲ್ಲ. ಹರಿದ ಜಾಕೆಟ್ ಹಿಡಿದು ಪೇಟೆಗೆ ಹೋದವರಿಗೆ ಸಿಗುವುದು ಬ್ಲೌಸು, ಪ್ಯಾಂಟು ಹೊಲಿಯುವ ಅಂಗಡಿ. ಅಲ್ಲಿನ ಟೈಲರ್ ಹರಕಿನ ಮೇಲೆ ತುಂಡಿಟ್ಟು ಬಿಗಿಯಾಗಿ ಎರಡು ಸುತ್ತು ಹೊಲಿದು ಕೊಡುತ್ತಾರೆ.

ಇಲ್ಲಿಯೇ ಒಂದು ಗಟ್ಟಿ ಆಕ್ಷೇಪ ಬರುತ್ತದೆ: ಸೂಜಿ ಇಳಿದಲ್ಲೆಲ್ಲ ತೂತು, ತೂತಿದ್ದಲ್ಲೆಲ್ಲ ನೀರು, ಹಾಗಾಗಿ ಇಂಥ ಬಟ್ಟೆಯನ್ನು ಊರಿನಲ್ಲಿ ರಿಪೇರಿ ಮಾಡಿಸುವುದೇ ತಪ್ಪು. ಅರ್ಧ ನಿಜ. ಹರಕನ್ನು ಹೊಲಿಯದೆ ಅಂಟುತುಂಡು ಹಚ್ಚುವುದೇ ಸರಿ. ಸ್ಪಿರಿಟ್‌ನಿಂದ ಒರೆಸಿ, ಮೂಲೆಗಳನ್ನು ಗುಂಡಗೆ ಕತ್ತರಿಸಿ, ಒಳಗೂ ಹೊರಗೂ ಒಂದೊಂದು ತುಂಡು ಒತ್ತಿ ಅಂಟಿಸಿದರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಗುಂಡಗೆ ಕತ್ತರಿಸುವುದೇಕೆಂದರೆ ಚೂಪು ಮೂಲೆ ಮೊದಲು ಏಳುತ್ತದೆ. ಹೊಲಿಯಲೇಬೇಕಾದ ಕಡೆ, ಅಂದರೆ ತೂಕ ಬೀಳುವ ಭುಜ, ಕಂಕುಳಗಳಲ್ಲಿ, ಹೊಲಿದ ಮೇಲೆ ಒಳಗಿನಿಂದ ಸೀಲಂಟ್ ಬಳಿಯಬಹುದು ಅಥವಾ ಇಸ್ತ್ರಿಯ ಶಾಖಕ್ಕೆ ಅಂಟುವ ಟೇಪ್ ಹಾಕಬಹುದು. ಇದಾವುದೂ ಟೈಲರಿಗೆ ಕಷ್ಟದ ಕೆಲಸವಲ್ಲ, ಹೇಳಿಕೊಟ್ಟವರಿಲ್ಲ, ಸಾಮಾನು ಸಿಗುವುದಿಲ್ಲ ಅಷ್ಟೆ. ಅಲ್ಲದೆ ಜಾಕೆಟ್ ಮೂಲೆ ಸೇರುವುದು ಬಹಳ ಸಲ ಹರಿದದ್ದರಿಂದಲ್ಲ, ಜಿಪ್ ಕೆಟ್ಟದ್ದರಿಂದ. ಎಳೆದರೆ ಏರುತ್ತದೆ, ಹಿಂದಿನಿಂದ ಬಾಯಿ ಬಿಡುತ್ತದೆ. ಇದರಲ್ಲಿ ಹಲ್ಲುಗಳ ತಪ್ಪು ಕಡಿಮೆ. ಸವೆದು ಬಾಯಿ ಅಗಲವಾದದ್ದು ರನ್ನರ್. ಅದರ ಬೆನ್ನು ತಿರುಗಿಸಿ ನೋಡಿದರೆ 3, 5, 8, 10 ಎಂಬ ಅಳತೆಯ ಅಂಕಿ ಕಾಣುತ್ತದೆ. ಅದೇ ಅಂಕಿಯ, ಅದೇ ಜಾತಿಯ ರನ್ನರ್ ತಂದು ಬದಲಿಸಿದರೆ ಜಿಪ್ ಸರಿ, ಇಡೀ ಜಿಪ್ ಬಿಚ್ಚಿ ಹೊಲಿಯುವ ಅಗತ್ಯವಿಲ್ಲ. ಅಂಗಡಿಯಲ್ಲಿ ಅದು ಸಿಗುವುದು ಪುಡಿಗಾಸಿಗೆ.

ಎರಡನೆಯ ಆಕ್ಷೇಪ ಇದಕ್ಕಿಂತ ಜಾಣತನದ್ದು. ವರ್ಷಕ್ಕೊಂದು ವಾರಕ್ಕೆ ಇಷ್ಟೆಲ್ಲ ಯಾಕೆ, ಸಾಂಕ್ರಿಯಲ್ಲೋ ಗುಲ್ಮಾರ್ಗ್‌ನಲ್ಲೋ ಬಾಡಿಗೆಗೆ ಸಿಗುತ್ತದಲ್ಲ? ಸಿಗುತ್ತದೆ, ಒಮ್ಮೆ ಹೋಗಿ ಬರುವವರು ಹಾಗೆಯೇ ಮಾಡುವುದು ಒಳ್ಳೆಯದು ಕೂಡ. ಕೊಂಡದ್ದನ್ನು ಕಾಪಾಡಲಾಗದವರು ಕೊಳ್ಳದಿರುವುದೇ ಜಾಣತನ. ಆದರೆ ಬಾಡಿಗೆ ಎನ್ನುವುದು ಆರೈಕೆಗೆ ಬದಲಿ ವ್ಯವಸ್ಥೆಯಲ್ಲ, ಆರೈಕೆಯ ಹೊಣೆಯನ್ನು ಬೇರೆಯವರಿಗೆ ಒಪ್ಪಿಸುವುದು ಅಷ್ಟೆ. ಬಾಡಿಗೆಯ ಜಾಕೆಟ್ ಒಂದು ಋತುವಿನಲ್ಲಿ ಎಷ್ಟೋ ಮೈಗಳ ಬೆವರು ಹೀರುತ್ತದೆ, ರಿಪೇರಿ ವಿದ್ಯೆ ಎಲ್ಲಕ್ಕಿಂತ ಹೆಚ್ಚು ಬೇಕಿರುವುದು ಅದಕ್ಕೇ. ಬೆಂಗಳೂರಿನ ಜಯಮಹಲ್ ಬಳಿಯ ಸ್ನೋ ಸಿಟಿಯಂಥ ಒಳಾಂಗಣ ಹಿಮದ ಆಟದ ಮನೆಯಲ್ಲೂ ಜಾಕೆಟ್ಟು, ಬೂಟು ಅಲ್ಲಿಯದೇ. ಇಂಥ ಕಡೆಗಳ ರಾಶಿ ಸಾಮಾನನ್ನೂ ಚಾರಣ ಸಂಸ್ಥೆಗಳ ಬಾಡಿಗೆ ಸಾಮಾನನ್ನೂ ವರ್ಷಕ್ಕೊಮ್ಮೆ ತರಿಸಿ ಒಗೆದು, ಟೇಪ್ ಹಾಕಿ, ರನ್ನರ್ ಬದಲಿಸಿ ಕಳಿಸುವ ಕೆಲಸಕ್ಕೆ ಅಪೆರಲ್ ಪಾರ್ಕಿನ ಪಕ್ಕಕ್ಕಿಂತ ಸೂಕ್ತ ಜಾಗ ಎಲ್ಲಿದೆ? ಆನ್‌ಲೈನ್ ವ್ಯಾಪಾರದ ಗೋದಾಮುಗಳು ಹೊಸಕೋಟೆ, ನೆಲಮಂಗಲಗಳಲ್ಲೇ ಇವೆ. ಹೊಸ ಮಾಲು ಬರುವ ಲಾರಿಯ ದಾರಿಯಲ್ಲೇ ಹಳೆಯ ಮಾಲೂ ಬರಬಹುದು. ಊರಿನ ಗಿರಾಕಿಗಳನ್ನಷ್ಟೇ ನಂಬಿದರೆ ಅಂಗಡಿ ನಡೆಯುವುದಿಲ್ಲ, ಅದನ್ನು ಒಪ್ಪಬೇಕು. ನಂದಿಬೆಟ್ಟಕ್ಕೆ ನಸುಕಿನಲ್ಲಿ ಬರುವ ಬೈಕ್ ಸವಾರರ ಜಾಕೆಟ್ಟು, ಮಳೆಯಂಗಿ, ಶಾಲೆಮಕ್ಕಳ ರೇನ್‌ಕೋಟು, ಟೆಂಟು ಎಲ್ಲಕ್ಕೂ ಬೇಕಿರುವುದು ಇದೇ ವಿದ್ಯೆಯಾದ್ದರಿಂದ ಲೆಕ್ಕ ಕೂಡಿಬರುವ ಸಾಧ್ಯತೆ ಇದೆ.

ಸ್ನೋಬೋರ್ಡನ್ನೇ ಕೊಂಡು ತಂದವರು ನಮ್ಮಲ್ಲಿ ಬೆರಳೆಣಿಕೆಯವರು, ಅವರಿಗೆ ಎರಡು ಮಾತು. ಹಲಗೆಯ ಅಂಚಿನ ಉಕ್ಕು ಒದ್ದೆ ಚೀಲದಲ್ಲಿ ವಿಮಾನ ಇಳಿಯುವಷ್ಟರಲ್ಲೇ ತುಕ್ಕು ಹಿಡಿಯಲು ಶುರುವಾಗಿರುತ್ತದೆ. ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ತೆಳ್ಳನೆಯ ಎಣ್ಣೆ ಸವರಿಡಬೇಕು. ತಳದ ಪಾಲಿಥಿನ್‌ಗೆ ದಪ್ಪಗೆ ಮೇಣ ಬಳಿದು ಕೆರೆಯದೆ ಹಾಗೇ ಬಿಟ್ಟರೆ ಮುಂದಿನ ಚಳಿಗಾಲದವರೆಗೆ ಅದೇ ಕವಚ. ಮೇಣ ಕರಗಿಸುವಾಗ ಹೊಗೆ ಎದ್ದರೆ ಬಿಸಿ ಹೆಚ್ಚಾಯಿತೆಂದರ್ಥ. ಅಂಚು ಮೊಂಡಾಯಿತೆಂದು ಸಾಣೆಚಕ್ರಕ್ಕೆ ಹಿಡಿಸಬಾರದು, ಕಿಡಿ ಹಾರುವ ಶಾಖಕ್ಕೆ ಉಕ್ಕಿನ ಹದ ಕೆಡುತ್ತದೆ. ಕೋನ ತಪ್ಪದಂತೆ ಅರದಿಂದ ತೀಡುವುದೇ ಸರಿ. ಹೆಲ್ಮೆಟ್ ಮಾತ್ರ ರಿಪೇರಿಯ ವಸ್ತುವಲ್ಲ. ಜೋರಾಗಿ ಒಂದು ಪೆಟ್ಟು ತಿಂದ ಮೇಲೆ ಒಳಗಿನ ನೊರೆ ಅಮುಕಿ ಹೋಗಿರುತ್ತದೆ, ಹೊರಗೆ ಗೀರಿಲ್ಲದಿದ್ದರೂ ಎಸೆಯಲೇಬೇಕು.

ಅಗ್ಗಕ್ಕೆ ಹೊಸದೇ ಸಿಗುವಾಗ ಹಳೆಯದಕ್ಕೆ ದುಡ್ಡು ಹಾಕುವುದು ಮೂರ್ಖತನ ಎಂಬ ಮೂರನೆಯ ಮಾತು ಉಳಿದಿದೆ. ಒಬ್ಬೊಬ್ಬರ ಜೇಬಿನ ಲೆಕ್ಕದಲ್ಲಿ ಅದು ಕೆಲವೊಮ್ಮೆ ನಿಜವೇ. ಫ್ರಾನ್ಸ್ ಅದನ್ನು ಕಂಡುಕೊಂಡೇ 2023ರ ಕೊನೆಯಲ್ಲಿ ಬಟ್ಟೆ, ಚಪ್ಪಲಿ ರಿಪೇರಿಗೆ ಗಿರಾಕಿಯ ಬಿಲ್ಲಿನಲ್ಲೇ ರಿಯಾಯಿತಿ ಕೊಡುವ ಯೋಜನೆ ತಂದಿತು. ಹಣ ಬರುವುದು ಬಟ್ಟೆ ಮಾರುವ ಕಂಪನಿಗಳು ಕಟ್ಟುವ ಶುಲ್ಕದಿಂದ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಮಾನು, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವರ್ಗಗಳನ್ನು ಹಿಡಿಯಿತು. ಬಟ್ಟೆ ಅದರಲ್ಲಿಲ್ಲ. ಬಟ್ಟೆಯೆಂದರೆ ಹರಿದರೆ ಹೊಲಿಯುವುದು ಎಂಬ ಹಳೆಯ ಕಾಲಕ್ಕೆ ಅದು ಸರಿ. ಪೊರೆ, ಟೇಪು, ಲೇಪ, ರಾಸಾಯನಿಕ ಸೇರಿ ಯಂತ್ರದಷ್ಟೇ ಗೋಜಲಾದ ಈಗಿನ ಜಾಕೆಟ್ಟಿಗೆ ಯಾವ ಅಂಟು ಹಿಡಿಯುತ್ತದೆ, ಯಾವ ಸೀಲಂಟ್ ಬೇಕು, ರನ್ನರಿನ ಅಳತೆ ಏನು ಎಂಬುದನ್ನು ತಯಾರಕರು ಒಳಚೀಟಿಯಲ್ಲೇ ಅಚ್ಚುಹಾಕುವಂತೆ ಕೇಳುವುದು ಅತಿಯಲ್ಲ. ಸಿಲಿಕೋನ್ ಬಳಿದ ಬಟ್ಟೆಗೆ ಸಿಲಿಕೋನ್ ಸೀಲಂಟೇ ಹಿಡಿಯುವುದು, ಪಾಲಿಯುರೆಥೇನಿನದು ಸುಲಿದು ಬರುತ್ತದೆ. ಒಂದು ಸಾಲಿನ ಆ ಮಾಹಿತಿ ಇಲ್ಲದೆ ಟೈಲರಿನ ಶ್ರಮವೂ ಗಿರಾಕಿಯ ದುಡ್ಡೂ ಹಾಳು. ಅದು ಬರುವವರೆಗೆ, ಲೇಪ ಸುಲಿದು ನಿಜಕ್ಕೂ ಮುಗಿದ ಜಾಕೆಟ್ಟುಗಳನ್ನು ಕಸದ ಗಾಡಿಗೆ ಹಾಕದೆ ಟೈಲರ್ ಅಂಗಡಿಗೆ ಕೊಡಬಹುದು. ಅವುಗಳ ರನ್ನರುಗಳು, ಬಕಲ್ಲುಗಳು, ಎಳೆಯುವ ಎಲಾಸ್ಟಿಕ್ ದಾರ, ತೋಳಿನ ವೆಲ್ಕ್ರೋ ಎಲ್ಲ ಇನ್ನೊಂದು ಜಾಕೆಟ್ಟಿಗೆ ಆಗುತ್ತವೆ. ಇವುಗಳಲ್ಲಿ ಕೆಲವು ಪೇಟೆಯಲ್ಲಿ ಬಿಡಿಯಾಗಿ ಸುಲಭಕ್ಕೆ ಸಿಗುವುದೂ ಇಲ್ಲ.